ಫ್ಲಾಟ್ ಮಾರಬೇಕಾ, ಸೈಟ್ ಮಾರಬೇಕಾ? ಹೊಸ ತೆರಿಗೆ ನಿಯಮದಲ್ಲಿ ಲೆಕ್ಕ ಹೇಗೆ

ಉತ್ತರಹಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳ ವೈದ್ಯಕೀಯ ಪಿಜಿ ಓದಿಗೆ ದುಡ್ಡು ಬೇಕಾಗಿದೆ. ಇರುವ ಎರಡು ಆಸ್ತಿಯಲ್ಲಿ ಒಂದನ್ನು ಮಾರಬೇಕು. ಯಾವುದು ಅಂತ ಮನೆಯಲ್ಲಿ ಒಂದು ತಿಂಗಳಿಂದ ಮಾತು ನಡೀತಿದೆ, ತೀರ್ಮಾನಕ್ಕೆ ಬಂದಿಲ್ಲ.

ಒಂದು, ಕನಕಪುರ ರಸ್ತೆಯ ಎರಡು ಬೆಡ್‌ರೂಂ ಫ್ಲಾಟ್. 2014ರ ನವೆಂಬರ್‌ನಲ್ಲಿ ನನ್ನ ಹೆಸರಿಗೆ ತೆಗೆದುಕೊಂಡಿದ್ದು. ರಿಜಿಸ್ಟ್ರೇಷನ್ ಎಲ್ಲಾ ಸೇರಿ 60 ಲಕ್ಷ ಆಗಿತ್ತು. ಈಗ 1.10 ಕೋಟಿಗೆ ಒಬ್ಬರು ಕೇಳುತ್ತಿದ್ದಾರೆ. ಬ್ಯಾಂಕ್ ಸಾಲ ಇನ್ನೂ 30 ಲಕ್ಷ ಇದೆ, ಒಂಬತ್ತು ವರ್ಷ ಕಟ್ಟಬೇಕು. ಬಾಡಿಗೆ ತಿಂಗಳಿಗೆ 24,000.

ಇನ್ನೊಂದು, ಉಲ್ಲಾಳ ಕಡೆ 30-40 ಸೈಟ್. 2004ರ ಆಗಸ್ಟ್‌ನಲ್ಲಿ 6 ಲಕ್ಷಕ್ಕೆ ತೆಗೆದುಕೊಂಡೆವು. ಈಗ 1.20 ಕೋಟಿ ಬರುತ್ತದೆ ಅಂತಾರೆ.

ನಮ್ಮವರು ಸೈಟ್ ಮಾರೋಣ ಅಂತಾರೆ. "ಈಗ ತೆರಿಗೆ 20 ಪರ್ಸೆಂಟ್ ಇಲ್ಲ, ಬರೀ ಹನ್ನೆರಡೂವರೆ, ಸೈಟಿಗೆ ಒಳ್ಳೆ ಕಾಲ" ಅನ್ನೋದು ಅವರ ವಾದ. ಫ್ಲಾಟಿಗೂ ಅದೇ ದರ ತಾನೇ ಅಂತ ನನ್ನ ಪ್ರಶ್ನೆ. ಇದರಲ್ಲಿ ಪಳಗಿದವರು ದಯವಿಟ್ಟು ಬಿಡಿಸಿ ಹೇಳಿ.

ವಿಜಯನಗರ ವಾಸಿ

ಮೇಡಂ, ಫ್ಲಾಟ್ ಆಗಲಿ ಸೈಟ್ ಆಗಲಿ ಹನ್ನೆರಡೂವರೆ ಪರ್ಸೆಂಟೇ. 2024ರ ಜುಲೈ 23ರ ಬಜೆಟ್‌ನಲ್ಲಿ ಬದಲಾಯಿತು. ದರ ಇಳಿಯಿತು, ಇಂಡೆಕ್ಸೇಷನ್ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ ಲಾಭ ಲೆಕ್ಕ ಹಾಕುವುದು) ಹೋಯಿತು. ಹೆಚ್ಚು ಲಾಭ ಇರುವುದಕ್ಕೆ ಹೆಚ್ಚು ತೆರಿಗೆ, ಅಷ್ಟೇ ಲೆಕ್ಕ.

ಲೆಕ್ಕದ ಪುಸ್ತಕ

ವಿಜಯನಗರದ ಸರ್, ಅರ್ಧ ಸರಿ. ಬಜೆಟ್‌ನಲ್ಲಿ ಹಾಗೇ ಹೇಳಿದ್ದರು. ಜನ ಗಲಾಟೆ ಮಾಡಿದ ಮೇಲೆ ಅದೇ ಆಗಸ್ಟ್‌ನಲ್ಲಿ ತಿದ್ದುಪಡಿ ತಂದರು. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಜಮೀನು ಅಥವಾ ಕಟ್ಟಡಕ್ಕೆ ಎರಡು ದಾರಿ ಇದೆ. ಇಂಡೆಕ್ಸೇಷನ್ ಇಲ್ಲದೆ 12.5 ಪರ್ಸೆಂಟ್, ಇಲ್ಲವೇ ಇಂಡೆಕ್ಸೇಷನ್ ಜೊತೆ 20 ಪರ್ಸೆಂಟ್. ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ ಸಾಕು. ದೇಶದಲ್ಲೇ ವಾಸ ಇರುವ ವ್ಯಕ್ತಿಗಳಿಗೆ ಮತ್ತು ಅವಿಭಕ್ತ ಕುಟುಂಬಗಳಿಗೆ ಮಾತ್ರ ಈ ಆಯ್ಕೆ.

ಅಮ್ಮ, ನಿಮ್ಮ ಲೆಕ್ಕ ಹಾಕಿ ತೋರಿಸುತ್ತೇನೆ. ಇದನ್ನು ಯಾರೂ ಸುಮ್ನೆ ಬಾಯಿಮಾತಿನಲ್ಲಿ ನಂಬಬಾರದು, ಕಾಗದದ ಮೇಲೆ ಬರೆದು ನೋಡಬೇಕು.

ಇಂಡೆಕ್ಸ್ ಅಂದರೆ ಸರ್ಕಾರ ವರ್ಷಕ್ಕೊಮ್ಮೆ ಪ್ರಕಟಿಸುವ ಒಂದು ಅಂಕಿ. 2001-02ಕ್ಕೆ 100 ಅಂತ ಇಟ್ಟುಕೊಂಡಿದ್ದಾರೆ. 2014-15ಕ್ಕೆ 240. ಈ ಲೆಕ್ಕ ಹಾಕುತ್ತಿರುವ 2025-26ಕ್ಕೆ 376. ನಿಮ್ಮ ಫ್ಲಾಟಿನ 60 ಲಕ್ಷವನ್ನು 376ರಿಂದ ಗುಣಿಸಿ 240ರಿಂದ ಭಾಗಿಸಿ. 94 ಲಕ್ಷ ಬರುತ್ತದೆ. ಮಾರಿದ್ದು 1.10 ಕೋಟಿಗೆ. ಲಾಭ 16 ಲಕ್ಷ. ಅದರ 20 ಪರ್ಸೆಂಟ್ ಅಂದರೆ 3.20 ಲಕ್ಷ.

ಇಂಡೆಕ್ಸ್ ಬಿಟ್ಟರೆ ಲಾಭ ಪೂರ್ತಿ 50 ಲಕ್ಷ. ಅದರ ಹನ್ನೆರಡೂವರೆ 6.25 ಲಕ್ಷ. ಹೆಚ್ಚುಕಮ್ಮಿ ಎರಡರಷ್ಟು!

ಈಗ ಸೈಟ್. 2004-05ರ ಇಂಡೆಕ್ಸ್ 113. ನಿಮ್ಮ 6 ಲಕ್ಷ ಸುಮಾರು 20 ಲಕ್ಷ ಆಗುತ್ತದೆ. ಲಾಭ ಒಂದು ಕೋಟಿ, 20 ಪರ್ಸೆಂಟ್ ಹಿಡಿದರೆ 20 ಲಕ್ಷ ತೆರಿಗೆ. ಇಂಡೆಕ್ಸ್ ಇಲ್ಲದಿದ್ದರೆ ಲಾಭ 1.14 ಕೋಟಿ, ಹನ್ನೆರಡೂವರೆ ಹಿಡಿದರೆ 14.25 ಲಕ್ಷ. ಇಲ್ಲಿ ಹೊಸ ದರವೇ ಲಾಭ.

ಅಂದರೆ ನಿಮ್ಮ ಯಜಮಾನರು ಹೇಳಿದ್ದು ಸೈಟಿನ ಮಟ್ಟಿಗೆ ಸರಿ. ಫ್ಲಾಟಿಗೆ ಹಳೇ ದಾರಿಯೇ ಒಳ್ಳೆಯದು. ಎರಡಕ್ಕೂ ಮೇಲೆ 4 ಪರ್ಸೆಂಟ್ ಸೆಸ್ ಇರುತ್ತದೆ. ಸೈಟಿನ ಲಾಭ ಒಂದು ಕೋಟಿ ಮೀರುವುದರಿಂದ ಅದರ ತೆರಿಗೆಗೆ 15 ಪರ್ಸೆಂಟ್ ಸರ್‌ಚಾರ್ಜ್ ಕೂಡ ಸೇರುತ್ತದೆ. ತೆರಿಗೆ ಹೊಣೆಯ ವ್ಯತ್ಯಾಸ ನೀವೇ ನೋಡಿ, 3.33 ಲಕ್ಷ ಎಲ್ಲಿ, 17.04 ಲಕ್ಷ ಎಲ್ಲಿ.

ಯಲಹಂಕ ಗೆಳೆಯ

ಇದು ಬೆಂಗಳೂರಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ನಮ್ಮಲ್ಲಿ ಸೈಟಿನ ಬೆಲೆ ಏರಿದ ಹಾಗೆ ಫ್ಲಾಟಿನ ಬೆಲೆ ಏರುವುದಿಲ್ಲ. ಫ್ಲಾಟ್ ಹಳೆಯದಾಗುತ್ತದೆ, ಲಿಫ್ಟ್ ಕೆಡುತ್ತದೆ, ಪಕ್ಕದಲ್ಲೇ ಹೊಸ ಅಪಾರ್ಟ್‌ಮೆಂಟ್ ಏಳುತ್ತದೆ. ಲೆಕ್ಕದವರೇ, ಎಷ್ಟು ಪಟ್ಟು ಏರಿದರೆ ಹೊಸ ದರ ಒಳ್ಳೆಯದು ಅಂತ ಒಂದು ಅಂದಾಜು ಇದೆಯಾ?

ಲೆಕ್ಕದ ಪುಸ್ತಕ

ಇದೆ. ಕೊಂಡ ವರ್ಷದ ಮೇಲೆ ಬದಲಾಗುತ್ತದೆ. 2014-15ರಲ್ಲಿ ಕೊಂಡು 2025-26ರಲ್ಲಿ ಮಾರುವವರಿಗೆ ಗಡಿ ಸುಮಾರು ಎರಡೂವರೆ ಪಟ್ಟು. ಬೆಲೆ ಅದಕ್ಕಿಂತ ಜಾಸ್ತಿ ಏರಿದ್ದರೆ 12.5, ಕಡಿಮೆ ಏರಿದ್ದರೆ 20. ಅಮ್ಮನ ಫ್ಲಾಟ್ ಎರಡು ಪಟ್ಟೂ ಆಗಿಲ್ಲ. 2004-05ರವರಿಗೆ ಗಡಿ ಏಳು ಪಟ್ಟಿನ ಆಸುಪಾಸು. ಅವರ ಸೈಟ್ ಇಪ್ಪತ್ತು ಪಟ್ಟು ಆಗಿದೆ. 2001ರ ಏಪ್ರಿಲ್ 1ಕ್ಕಿಂತ ಮೊದಲಿನ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಮೂಲಬೆಲೆ ಅಂತ ಹಿಡಿಯಬಹುದು, ಆದರೆ ಅದು ಆಗಿನ ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಬೆಲೆ) ಮೀರಬಾರದು.

2024ರ ಜುಲೈ 23ರಿಂದ ಈಚೆಗೆ ಕೊಂಡವರಿಗೆ ಈ ಆಯ್ಕೆಯೇ ಇಲ್ಲ. ಹೂಡಿಕೆಗೆ ಅಂತ ಈಗ ಫ್ಲಾಟ್ ನೋಡುತ್ತಿರುವ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು. ಹತ್ತು ವರ್ಷದ ಬೆಲೆ ಏರಿಕೆಯ ಪಾಲನ್ನು ಯಾರೂ ಕಳೆದುಕೊಡುವುದಿಲ್ಲ. ಪೂರ್ತಿ ಅಂತರದ ಮೇಲೆ ತೆರಿಗೆ.

ದೂರದೂರಿನ ಕನ್ನಡಿಗ

ನಾನು ಹೊರದೇಶದಲ್ಲಿದ್ದೇನೆ. ಈ ಆಯ್ಕೆ ನಮಗಿಲ್ಲ ಅನ್ನುವುದು ತಿಳಿದದ್ದು ಮಾರುವ ಹೊತ್ತಿಗೆ. ಅಕ್ಕ ಮತ್ತು ನಾನು ಸಮಪಾಲಾಗಿ 2013ರಲ್ಲಿ ರಾಜರಾಜೇಶ್ವರಿ ನಗರದಲ್ಲಿ 50 ಲಕ್ಷಕ್ಕೆ ಫ್ಲಾಟ್ ಕೊಂಡಿದ್ದೆವು. ಈಗ 80 ಲಕ್ಷಕ್ಕೆ ಮಾರಿದೆವು. 2013-14ರ ಇಂಡೆಕ್ಸ್ 220. ಲೆಕ್ಕ ಹಾಕಿದರೆ ಮೂಲಬೆಲೆ 85 ಲಕ್ಷ ದಾಟುತ್ತದೆ. ಹಾಗಾಗಿ ಅಕ್ಕನಿಗೆ ತೆರಿಗೆ ಸೊನ್ನೆ. ನನ್ನ ಪಾಲಿನ 15 ಲಕ್ಷಕ್ಕೆ ಹನ್ನೆರಡೂವರೆ, ಸೆಸ್ ಸೇರಿ 1.95 ಲಕ್ಷ. ಒಂದೇ ಮನೆ, ಒಂದೇ ಕ್ರಯಪತ್ರ, ಒಂದೇ ದಿನ ಇಬ್ಬರೂ ಸಹಿ ಹಾಕಿದ್ದೇವೆ.

ಇನ್ನೂ ಒಂದು ತೊಂದರೆ ಇದೆ. ನನ್ನ ಪಾಲಿನ 40 ಲಕ್ಷದ ಮೇಲೆ ಕೊಂಡವರು 13 ಪರ್ಸೆಂಟ್, ಅಂದರೆ 5.20 ಲಕ್ಷ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿದರು. ಲಾಭದ ಮೇಲಲ್ಲ, ಪೂರ್ತಿ ಹಣದ ಮೇಲೆ. ಹೆಚ್ಚಿಗೆ ಹೋದದ್ದು ರಿಟರ್ನ್ ಹಾಕಿದ ಮೇಲೆ ವಾಪಸ್ ಬರಬೇಕು. ನನ್ನಂತೆ ಹೊರಗಿರುವವರು ಮಾರುವುದಕ್ಕೆ ಮೊದಲೇ ಫಾರಂ 13 ಹಾಕಿ, ಕಡಿಮೆ ಟಿಡಿಎಸ್‌ಗೆ ಪ್ರಮಾಣಪತ್ರ ಪಡೆದುಕೊಳ್ಳಿ. ಅದಕ್ಕೆ ಸಮಯ ಹಿಡಿಯುತ್ತದೆ, ಅಗ್ರಿಮೆಂಟ್ ಆದ ದಿನವೇ ಶುರು ಮಾಡಿ.

ಲೆಕ್ಕದ ಪುಸ್ತಕ

ಒಂದು ಮಾತು ಸೇರಿಸುತ್ತೇನೆ. ನಿಮ್ಮ ಅಕ್ಕನ ಲೆಕ್ಕದಲ್ಲಿ ಮೈನಸ್ ಬಂತು ಅಂತ ಅದನ್ನು ನಷ್ಟ ಅಂತ ಬೇರೆ ಲಾಭಕ್ಕೆ ಹೊಂದಿಸುವ ಹಾಗಿಲ್ಲ. ತೆರಿಗೆ ಸೊನ್ನೆ ಆಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಮತ್ತೆ, ಒಟ್ಟು ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆ ಇದ್ದರೂ ಇಲ್ಲಿರುವವರಿಗೆ 1 ಪರ್ಸೆಂಟ್ ಟಿಡಿಎಸ್ ಹಿಡಿಯಲೇಬೇಕು. 2024ರ ಅಕ್ಟೋಬರ್‌ನಿಂದ ಇದನ್ನು ಸ್ಪಷ್ಟ ಮಾಡಿದ್ದಾರೆ.

ವಿಜಯನಗರ ವಾಸಿ

ತಿದ್ದಿದ್ದಕ್ಕೆ ಧನ್ಯವಾದ ಸರ್. ಆಗಸ್ಟ್ ತಿದ್ದುಪಡಿ ನನಗೆ ಗೊತ್ತಿರಲಿಲ್ಲ. ಸೈಟ್ ಮಾರಿ ನಾನು ಸೋತ ಕಥೆ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

2022ರಲ್ಲಿ ಒಂದು ಸೈಟ್ ಮಾರಿದೆ. "ಎರಡು ವರ್ಷದ ಒಳಗೆ ಮನೆ ತೆಗೆದುಕೊಂಡರೆ ತೆರಿಗೆ ಇಲ್ಲ" ಅಂತ ಎಲ್ಲರೂ ಹೇಳುತ್ತಾರಲ್ವಾ, ನಾನೂ ಅದನ್ನೇ ನಂಬಿದೆ. ಬಂದ ಲಾಭವನ್ನು ಹಾಕಿ ಇನ್ನೊಂದು ಫ್ಲಾಟ್ ಬುಕ್ ಮಾಡಿದೆ. ಆಗ ನೋಡಿಕೊಳ್ಳುತ್ತಿದ್ದ ಆಡಿಟರೂ ಏನೂ ಹೇಳಲಿಲ್ಲ. ರಿಟರ್ನ್ ಹಾಕುವ ಹೊತ್ತಿಗೆ ಬೇರೆ ಆಡಿಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಹೆಸರಲ್ಲಿ ಈಗಾಗಲೇ ಎಷ್ಟು ಮನೆ ಇದೆ?" ಎರಡು ಇತ್ತು. ಅಲ್ಲಿಗೆ ಮುಗಿಯಿತು.

ಮನೆ ಮಾರಿ ಮನೆ ಕೊಂಡರೆ ಸೆಕ್ಷನ್ 54. ಲಾಭದಷ್ಟು ಹಾಕಿದರೆ ಸಾಕು. ಸೈಟ್ ಮಾರಿ ಮನೆ ಕೊಂಡರೆ ಅದು 54 ಅಲ್ಲ, 54ಎಫ್. ಅದಕ್ಕೆ ಬಂದ ಹಣ ಪೂರ್ತಿ ಹಾಕಬೇಕು, ಬರೀ ಲಾಭ ಅಲ್ಲ. ಮಾರುವ ದಿನ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಮನೆ ಇರಬಾರದು. ನನ್ನ ಹೆಸರಿನಲ್ಲಿ ಎರಡಿದ್ದವು. ರಿಯಾಯಿತಿ ಒಂದು ರೂಪಾಯಿಯೂ ಸಿಗಲಿಲ್ಲ. ಫ್ಲಾಟಿಗೆ ಕಟ್ಟಿದ್ದ ದುಡ್ಡು ಅಲ್ಲಿ ಸಿಕ್ಕಿಹಾಕಿಕೊಂಡಿತ್ತು, ತೆರಿಗೆ ಕಟ್ಟಲು ಹೆಂಡತಿಯ ಚಿನ್ನ ಅಡ ಇಟ್ಟೆ. ಬ್ಯಾಂಕ್ ಕೌಂಟರಿನಲ್ಲಿ ಅವಳು ಒಂದೊಂದೇ ಬಳೆ ತೆಗೆದು ತಕ್ಕಡಿಯವರ ಕೈಗೆ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಅದನ್ನು ನಾನು ಮರೆಯುವುದಿಲ್ಲ.

ಸೈಟ್ ಮಾರುವವರು ಇದನ್ನು ಕೈ ಮೇಲೆ ಬರೆದುಕೊಂಡರೂ ತಪ್ಪಿಲ್ಲ.

ಉತ್ತರಹಳ್ಳಿ ಅಮ್ಮ

ಓದಿ ಮನಸ್ಸು ಭಾರ ಆಯಿತು ಸರ್. ಇಷ್ಟು ಬಿಡಿಸಿ ಹೇಳಿದ್ದಕ್ಕೆ ದೇವರು ಒಳ್ಳೆಯದು ಮಾಡಲಿ. ನಮಗೆ ದುಡ್ಡು ಮಗಳ ಓದಿಗೇ ಬೇಕು, ಮತ್ತೆ ಮನೆ ಕೊಳ್ಳುವ ಮಾತಿಲ್ಲ.

ತಿಂಡ್ಲು ತಮ್ಮ

ನಾನು ಈಗ ಕೊಳ್ಳುವ ಕಡೆಯವನು. ಐಟಿ ಕೆಲಸ. ಥಣಿಸಂದ್ರದಲ್ಲಿ 90 ಲಕ್ಷದ ಫ್ಲಾಟ್ ನೋಡಿದ್ದೇನೆ, ಬಾಡಿಗೆಗೆ ಕೊಡುವ ಉದ್ದೇಶ. 70 ಲಕ್ಷ ಸಾಲ. ಅಪ್ಪ "ಸಾಲದ ಬಡ್ಡಿ ತೋರಿಸಿದರೆ ತೆರಿಗೆ ಉಳಿಯುತ್ತೆ, ಮನೇನೂ ಆಗುತ್ತೆ" ಅಂತಾರೆ. ಇದು ಈಗಲೂ ನಿಜವಾ ಸರ್?

ಲೆಕ್ಕದ ಪುಸ್ತಕ

ತಮ್ಮ, ನಿಮ್ಮ ಅಪ್ಪ ಹೇಳಿದ್ದು ಅವರ ಕಾಲಕ್ಕೆ ಪೂರ್ತಿ ನಿಜ. ನಿಯಮ ಮೂರು ಹಂತದಲ್ಲಿ ಬದಲಾಗಿದೆ, ನಿಮ್ಮ ಫ್ಲಾಟನ್ನೇ ಇಟ್ಟುಕೊಂಡು ನೋಡೋಣ.

ಬಾಡಿಗೆ ತಿಂಗಳಿಗೆ 30,000 ಅಂತ ಇಟ್ಟುಕೊಳ್ಳಿ, ವರ್ಷಕ್ಕೆ 3.60 ಲಕ್ಷ. ಕಂದಾಯ 10,000 ಕಳೆಯಿರಿ, 3.50. ರಿಪೇರಿ ಮುಂತಾದದ್ದಕ್ಕೆ ಅಂತ 30 ಪರ್ಸೆಂಟ್ ಹಾಗೇ ಬಿಡುತ್ತಾರೆ, ಉಳಿಯುವುದು 2.45 ಲಕ್ಷ. ಎಂಟೂವರೆ ಪರ್ಸೆಂಟ್ ಬಡ್ಡಿ ಆದರೆ ಮೊದಲ ವರ್ಷ ಬಡ್ಡಿಯೇ 5.90 ಲಕ್ಷದ ಹತ್ತಿರ. ಬಾಡಿಗೆ ಮನೆಯಿಂದ ಕಾಗದದ ಮೇಲೆ 3.45 ಲಕ್ಷ ನಷ್ಟ.

2017ಕ್ಕೆ ಮೊದಲು ಆ 3.45 ಲಕ್ಷವನ್ನೂ ಸಂಬಳದಿಂದ ಕಳೆಯಬಹುದಿತ್ತು. 30 ಪರ್ಸೆಂಟ್ ಸ್ಲ್ಯಾಬಿನವರಿಗೆ ಲಕ್ಷಕ್ಕೂ ಮೇಲೆ ಉಳಿತಾಯ. 2017ರ ಬಜೆಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಮಾತ್ರ ಅಂತ ಮಿತಿ ಹಾಕಿದರು. ಮಿಕ್ಕಿದ್ದನ್ನು ಮುಂದಿನ ಎಂಟು ವರ್ಷ ಮನೆ ಆದಾಯಕ್ಕೆ ಮಾತ್ರ ಹೊಂದಿಸಬಹುದು. ಉಳಿತಾಯ 62,400ಕ್ಕೆ ಇಳಿಯಿತು. ಈಗ ಆದಾಯ ತೆರಿಗೆಯಲ್ಲಿ ಹಳೆಯದರ ಜೊತೆಗೆ ಹೊಸ ಪದ್ಧತಿ (ನ್ಯೂ ರೆಜಿಮ್) ಇದೆ. ಇದರಲ್ಲಿ ಬಾಡಿಗೆ ಮನೆಯ ನಷ್ಟವನ್ನು ಸಂಬಳಕ್ಕೆ ಹೊಂದಿಸುವ ಹಾಗೇ ಇಲ್ಲ. ಬಾಡಿಗೆ ಆದಾಯ ಸೊನ್ನೆ ಆಗುವವರೆಗೆ ಬಡ್ಡಿ ಕಳೆಯಬಹುದು, ಅಷ್ಟೇ. ಸಂಬಳದ ತೆರಿಗೆಯಲ್ಲಿ ಉಳಿತಾಯ ಸೊನ್ನೆ. ಹೊಸ ಪದ್ಧತಿಯ ಸ್ಲ್ಯಾಬ್ ದರ ಕಡಿಮೆ ಇರುವುದರಿಂದ ಈಗ ತುಂಬಾ ಜನ ಅದಕ್ಕೇ ಬಂದಿದ್ದಾರೆ. ನೀವು ಯಾವುದರಲ್ಲಿ ಇದ್ದೀರಿ ನೋಡಿಕೊಳ್ಳಿ.

ಹೀಗಾಗಿ ಈ ಮನೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ತಿಂಗಳಿಗೆ ಬಡ್ಡಿಯೇ 49,000, ಬಾಡಿಗೆ 30,000. ಮಧ್ಯದ 19,000ಕ್ಕೆ ಅಸಲು ಸೇರಿಸಿಕೊಂಡು ಪ್ರತಿ ತಿಂಗಳು ನಿಮ್ಮ ಸಂಬಳದಿಂದ ಹೋಗಬೇಕು. ಬೆಲೆ ಏರಿಕೆಯೊಂದನ್ನೇ ನಂಬಿ ಅದನ್ನು ಹೊರಲು ತಯಾರಿದ್ದೀರಾ ಅಂತ ನಿಮ್ಮನ್ನು ನೀವು ಕೇಳಿಕೊಳ್ಳಿ.

ಇನ್ನೊಂದು. ಮೊದಲೆಲ್ಲ ಕೆಲವರು ಅದೇ ಬಡ್ಡಿಯನ್ನು ವರ್ಷಾವರ್ಷ ತೋರಿಸಿ, ಮಾರುವಾಗ ಮತ್ತೆ ಮನೆಯ ಮೂಲಬೆಲೆಗೂ ಸೇರಿಸುತ್ತಿದ್ದರು. 2023ರ ಬಜೆಟ್‌ನಲ್ಲಿ ಆ ಬಾಗಿಲನ್ನೂ ಮುಚ್ಚಿದ್ದಾರೆ.

ಯಲಹಂಕ ಗೆಳೆಯ

ತಮ್ಮ, ಒಳಗೆ ಹೋಗುವ ಖರ್ಚನ್ನೂ ಲೆಕ್ಕಕ್ಕೆ ತಗೊಳ್ಳಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. 5 ಪರ್ಸೆಂಟ್ ಸ್ಟಾಂಪ್ ಡ್ಯೂಟಿ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಎಲ್ಲಾ ಸೇರಿ 6.6 ಇದ್ದದ್ದು 7.6 ಪರ್ಸೆಂಟ್ ಆಯಿತು. 90 ಲಕ್ಷಕ್ಕೆ 6.84 ಲಕ್ಷ. ಇನ್ನೂ ಕಟ್ಟುತ್ತಿರುವ ಫ್ಲಾಟ್ ಆದರೆ ಜಿಎಸ್‌ಟಿ 5 ಪರ್ಸೆಂಟ್, ಇನ್ನೊಂದು ನಾಲ್ಕೂವರೆ ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತಾ) ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ, ಮೊದಲೇ ಕೇಳಿ ಇಟ್ಟುಕೊಳ್ಳಿ.

ತಿಂಡ್ಲು ತಮ್ಮ

ಇವತ್ತು ರಾತ್ರಿ ಊಟಕ್ಕೆ ಕೂತಾಗ ಈ ಮೂರು ಹಂತದ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದೆ. ತಟ್ಟೆ ಪಕ್ಕಕ್ಕಿಟ್ಟು ಅವರೇ ಕ್ಯಾಲ್ಕ್ಯುಲೇಟರ್ ತಗೊಂಡು ಇನ್ನೊಮ್ಮೆ ಕೂಡಿ ಕಳೆದರು. ಸದ್ಯಕ್ಕೆ ಅಡ್ವಾನ್ಸ್ ಕೊಡುವುದು ನಿಲ್ಲಿಸಿದ್ದೇವೆ. ಇನ್ನೂ 20 ಲಕ್ಷ ಕೂಡಿಸಿಕೊಂಡು ಆಮೇಲೆ ನೋಡೋಣ ಅಂದರು.

ಮಲ್ಲೇಶ್ವರ 8ನೇ ಅಡ್ಡರಸ್ತೆ

ಕಂದಾಯದ ಮಾತು ಬಂತು ಅಂತ ಹೇಳುತ್ತೇನೆ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಕಂದಾಯದ ದರ ನಾವೇ ವಾಸ ಇರುವ ಮನೆಯ ದರದ ಎರಡರಷ್ಟು. ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆ ಬಂದರೂ ಇದು ಬದಲಾಗಿಲ್ಲ. ಎಷ್ಟೋ ಜನ ಬಾಡಿಗೆಗೆ ಕೊಟ್ಟು "ಸ್ವಂತ ವಾಸ" ಅಂತ ಬರೆದು ಕಟ್ಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇನ್ಕಮ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಬಾಡಿಗೆ ತೋರಿಸಿ, ಪಾಲಿಕೆಗೆ ಸ್ವಂತ ವಾಸ ಅಂದರೆ ಎರಡೂ ಕಾಗದ ನಿಮ್ಮ ವಿರುದ್ಧವೇ ಮಾತಾಡುತ್ತವೆ. ಸರಿಯಾಗಿ ಕಟ್ಟಿದ ಕಂದಾಯ ಹೇಗೂ ಬಾಡಿಗೆ ಆದಾಯದಿಂದ ಕಳೆಯುತ್ತದೆ. ಮಾಲೀಕರು ಆ ವರ್ಷ ನಿಜವಾಗಿ ಕಟ್ಟಿರಬೇಕು, ಅದೊಂದೇ ಷರತ್ತು.

ಬಾಡಿಗೆಮನೆಯವಳು

ಬಾಡಿಗೆಗೆ ಇರುವವರ ಕಡೆಯಿಂದ ಒಂದು ಮಾತು. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಬಾಡಿಗೆದಾರರೇ ಟಿಡಿಎಸ್ ಹಿಡಿದು ಕಟ್ಟಬೇಕು. ಮೊದಲು 5 ಪರ್ಸೆಂಟ್ ಇತ್ತು, 2024ರ ಅಕ್ಟೋಬರ್‌ನಿಂದ 2. ಮಾಲೀಕರು ಇದನ್ನು ಬಾಡಿಗೆ ಕಡಿತ ಅಂತ ತಿಳಿದು ಜಗಳಕ್ಕೆ ಬರುತ್ತಾರೆ. ನಮ್ಮ ಮಾಲೀಕರಿಗೆ ನಾನು ಚಲನ್ ತೋರಿಸಿ, ಅವರ 26ಎಎಸ್‌ನಲ್ಲಿ (ಅವರ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ) ಆ ಹಣ ಬಂದಿರುವುದನ್ನು ಅವರ ಮೊಬೈಲ್‌ನಲ್ಲೇ ತೆಗೆದು ತೋರಿಸಬೇಕಾಯಿತು. ಮಾಲೀಕರು ದಯವಿಟ್ಟು ಇದನ್ನು ತಿಳಿದಿರಿ.

ಹೆಸರಘಟ್ಟ ರಸ್ತೆ

ಸೈಟ್ ಮಾರುವವರಿಗೆ ಇನ್ನೊಂದು ಎಚ್ಚರಿಕೆ. 2023ರ ಅಕ್ಟೋಬರ್ 1ರಿಂದ ಗೈಡೆನ್ಸ್ ವ್ಯಾಲ್ಯೂ ಏರಿಸಿದರು. ಕೆಲವು ಕಡೆ, ಅದರಲ್ಲೂ ಬಿ-ಖಾತಾ ಸೈಟುಗಳಲ್ಲಿ, ನಿಜವಾದ ಬೆಲೆಗಿಂತ ಅದೇ ಜಾಸ್ತಿ ಆಗಿದೆ. ಗೈಡೆನ್ಸ್ 72 ಲಕ್ಷ ಇದ್ದು ನೀವು 60 ಲಕ್ಷಕ್ಕೆ ಕೊಟ್ಟಿರಿ ಅಂದುಕೊಳ್ಳಿ. 10 ಪರ್ಸೆಂಟ್‌ವರೆಗಿನ ವ್ಯತ್ಯಾಸ ಬಿಡುತ್ತಾರೆ, ಇದು ಅದಕ್ಕೂ ಮೀರಿದೆ. ಹಾಗಾಗಿ ನೀವು 72 ಲಕ್ಷಕ್ಕೆ ಮಾರಿದಿರಿ ಅಂತಲೇ ಲೆಕ್ಕ. ಕೊಂಡವರಿಗೂ ಆ 12 ಲಕ್ಷ ಆದಾಯ ಅಂತ ಸೇರುತ್ತದೆ. ಕೈಗೆ ಬಾರದ ದುಡ್ಡಿಗೆ ಎರಡೂ ಕಡೆ ತೆರಿಗೆ. ಬೆಲೆ ಮಾತಾಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನಿಮ್ಮ ರಸ್ತೆಯ ದರ ನೋಡಿಬಿಡಿ. ನಿಜವಾಗಿಯೂ ಬೆಲೆ ಕಡಿಮೆ ಇದ್ದರೆ, ಮೌಲ್ಯಮಾಪಕರಿಗೆ ಕಳಿಸಿ ಅಂತ ಅಧಿಕಾರಿಯನ್ನು ಕೇಳುವ ಹಕ್ಕಿದೆ.

ನಿವೃತ್ತ ಮೇಷ್ಟ್ರು

ನನ್ನದು ಬರೀ ಪಿಂಚಣಿ, ವರ್ಷಕ್ಕೆ 6 ಲಕ್ಷ. 12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ಮನೆ ಮಾರಿದ ಲಾಭವೂ ಅದರಲ್ಲಿ ಸೇರುತ್ತದೆಯೇ?

ಲೆಕ್ಕದ ಪುಸ್ತಕ

ಇಲ್ಲ ಮೇಷ್ಟ್ರೇ. 12 ಲಕ್ಷದ ರಿಯಾಯಿತಿ ಮನೆ ಮಾರಿದ ಲಾಭದ ತೆರಿಗೆಗೆ ಅನ್ವಯಿಸುವುದಿಲ್ಲ. ಲಾಭ ಸೇರಿ ಒಟ್ಟು ಆದಾಯ 12 ಲಕ್ಷ ಮೀರಿದರೆ ಆ ವರ್ಷ ಪಿಂಚಣಿ ಮೇಲೂ ಸ್ವಲ್ಪ ತೆರಿಗೆ ಬರುತ್ತದೆ. ಹಣ ಸದ್ಯಕ್ಕೆ ಬೇಡವಾದರೆ ಮಾರಿದ ಆರು ತಿಂಗಳ ಒಳಗೆ ಲಾಭದ ತೆರಿಗೆ ಉಳಿಸುವ 54ಇಸಿ ಬಾಂಡಿನಲ್ಲಿ 50 ಲಕ್ಷದವರೆಗೆ ಲಾಭ ಇಡಬಹುದು, ಐದು ವರ್ಷ ತೆಗೆಯುವ ಹಾಗಿಲ್ಲ. ನಿಮ್ಮ ವಯಸ್ಸಿಗೆ ಐದು ವರ್ಷ ಕಟ್ಟಿಹಾಕುವುದು ಸರಿಯೇ ಅಂತ ಮನೆಯವರ ಜೊತೆ ಕೂತು ಯೋಚಿಸಿ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ನಾವು ಹೇಳುತ್ತಿರುವ ಸೆಕ್ಷನ್, ಫಾರಂ ನಂಬರುಗಳೆಲ್ಲ ಅದರಲ್ಲಿ ಬೇರೆ. ಆಮೇಲೆ ಮಾರುವವರು ಹೊಸ ನಂಬರ್ ನೋಡಿಕೊಳ್ಳಿ.

ಉತ್ತರಹಳ್ಳಿ ಅಮ್ಮ

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ. ಫ್ಲಾಟ್ ಮಾರುವುದು ಅಂತ ಆಯಿತು. ತಿಂಡ್ಲು ತಮ್ಮನಿಗೆ ಹೇಳಿದ ಬಾಡಿಗೆ ಲೆಕ್ಕ ನನ್ನ ಫ್ಲಾಟಿಗೂ ಹಾಕಿ ನೋಡಿದೆ. ನಾನು ಹೊಸ ಪದ್ಧತಿಯಲ್ಲಿದ್ದೇನೆ. ಬಾಡಿಗೆಯಲ್ಲಿ ಕಂದಾಯ, 30 ಪರ್ಸೆಂಟ್ ಕಳೆದರೆ 1.96 ಲಕ್ಷ, ಬಡ್ಡಿ 2.60 ಲಕ್ಷ. 64,000 ಯಾವ ಲೆಕ್ಕಕ್ಕೂ ಬಾರದೆ ಹೋಗುತ್ತಿದೆ. ಸೈಟಿಗೆ ಸಾಲವೂ ಇಲ್ಲ, ಬಡ್ಡಿಯೂ ಇಲ್ಲ, ಸುಮ್ಮನೆ ಇರುತ್ತದೆ. ನಮ್ಮವರೂ ಒಪ್ಪಿದರು.

ನಿನ್ನೆ ಸಂಜೆ ಕಬ್ಬಿಣದ ಟ್ರಂಕ್ ತೆಗೆದು ಕೂತೆವು. ಕ್ರಯಪತ್ರದ ಕೆಳಗೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ಬಿಲ್ ಸಿಕ್ಕಿತು. 2015ರಲ್ಲಿ ನೆಲ ಪೂರ್ತಿ ಕಿತ್ತು ಗ್ರಾನೈಟ್ ಹಾಕಿಸಿ, ಬಾಲ್ಕನಿಗೆ ಗ್ರಿಲ್ ಕೂರಿಸಿದ್ದು. 2.54 ಲಕ್ಷ, ಚೆಕ್ ನಂಬರ್ ಸಮೇತ. ಇದನ್ನೂ ಮೂಲಬೆಲೆಗೆ ಸೇರಿಸಬಹುದಾ?

ಲೆಕ್ಕದ ಪುಸ್ತಕ

ಖಂಡಿತ ಅಮ್ಮ. ಅದು ಮನೆಗೆ ಸೇರಿಹೋದ ಕೆಲಸ, ಬಿಲ್ ಇದೆ, ಚೆಕ್ಕಿನಲ್ಲಿ ಕೊಟ್ಟಿದ್ದೀರಿ. 2015-16ರ ಇಂಡೆಕ್ಸ್ 254. ಹಾಗಾಗಿ 2.54 ಲಕ್ಷ ಈಗ ಸರಿಯಾಗಿ 3.76 ಲಕ್ಷ. ಲಾಭ 16ರಿಂದ 12.24 ಲಕ್ಷಕ್ಕೆ ಇಳಿಯಿತು. ತೆರಿಗೆ ಸೆಸ್ ಸೇರಿ ಸುಮಾರು 2.55 ಲಕ್ಷ. ಆ ಒಂದು ಬಿಲ್ಲಿಗೆ 78,000 ಉಳಿಯಿತು. ಕೊಳ್ಳುವವರು 1.10 ಲಕ್ಷ ಟಿಡಿಎಸ್ ಹಿಡಿಯುತ್ತಾರೆ, ಅದು ಇದರಲ್ಲೇ ಕಳೆಯುತ್ತದೆ. ಮಿಕ್ಕಿದ್ದನ್ನು ಮಾರ್ಚ್ 15ರ ಒಳಗೆ ಅಡ್ವಾನ್ಸ್ ಟ್ಯಾಕ್ಸ್ ಅಂತ ಕಟ್ಟಿಬಿಡಿ, ಬಡ್ಡಿ ಬೀಳುವುದಿಲ್ಲ.

ಬಿಲ್ಲಿನ ಅಕ್ಷರ ಇನ್ನೂ ಕಾಣುತ್ತಿರುವಾಗಲೇ ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಆ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟೂ ಕೇಳಿ ತರಿಸಿ.

ಉತ್ತರಹಳ್ಳಿ ಅಮ್ಮ

ಆಗಲಿ ಸರ್. ನಾಳೆ ಬೆಳಗ್ಗೆ ಬ್ಯಾಂಕಿಗೆ ಹೋಗುತ್ತೇನೆ. ಅಗ್ರಿಮೆಂಟಿಗೆ ಮುಂದಿನ ಗುರುವಾರ ಒಳ್ಳೆ ದಿನ ಇದೆಯಂತೆ, ಅವರಿಗೂ ಹೇಳಿಯಾಗಿದೆ.